ಕಲ್ಪಿತ ಜೀವಿಗೂ ಒಂದು ವಂಶಾವಳಿ ಬೇಕೆ?

೧

ಪ್ರಕೃತಿಯಲ್ಲಿ ಇಲ್ಲದ ಜೀವಿಯೊಂದು ಕಥೆಯಲ್ಲಿ ಕಾಣಿಸಿಕೊಂಡಾಗ ನಮ್ಮ ವಿಮರ್ಶೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ಅದನ್ನು ಅದ್ಭುತರಸದ ಸಾಮಗ್ರಿಯೆಂದು ಗುರುತಿಸಿ ಮುಂದೆ ಸಾಗುವುದು ಮೊದಲನೆಯದು. ಅದನ್ನು ರೂಪಕವೆಂದು ತಿಳಿದು, ಅದು ಯಾವ ಸಾಮಾಜಿಕ ಅಥವಾ ಮಾನಸಿಕ ಸಂಗತಿಯನ್ನು ಪ್ರತಿನಿಧಿಸುತ್ತದೆ ಎಂದು ಹುಡುಕುವುದು ಎರಡನೆಯದು. ಎರಡೂ ದಾರಿಗಳು ಅಗತ್ಯವಾದವು. ಆದರೆ ಈ ಎರಡರಲ್ಲಿಯೂ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ: ಆ ಜೀವಿ ಎಲ್ಲಿಂದ ಬಂತು? ಅದರ ಪೂರ್ವಜರು ಹೇಗಿದ್ದರು? ಅದೇ ಜಗತ್ತಿನ ಉಳಿದ ಪ್ರಾಣಿಗಳಿಗೂ ಅದಕ್ಕೂ ಇರುವ ಸಂಬಂಧವೇನು?

ಇದು ಪ್ರಾಣಿಶಾಸ್ತ್ರದವರು ಕೇಳಬೇಕಾದ ಪ್ರಶ್ನೆ, ಸಾಹಿತ್ಯದವರಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ನಮ್ಮಲ್ಲಿ ಇದೆ. ಡಾರ್ವಿನ್ನನ 'ಪ್ರಭೇದಗಳ ಉಗಮ' ಪ್ರಕಟವಾದ ೧೮೫೯ರ ನಂತರ ರಚಿತವಾದ ಕಲ್ಪಿತ ಜಗತ್ತುಗಳಲ್ಲಿ ಅನೇಕವು ಈ ಪ್ರಶ್ನೆಯನ್ನೇ ತಮ್ಮ ಕಥಾಶರೀರದ ಎಲುಬನ್ನಾಗಿ ಮಾಡಿಕೊಂಡಿವೆ. ಅಂತಹ ಕೃತಿಗಳನ್ನು ಓದುವಾಗ ವಿಕಾಸದ ತರ್ಕವನ್ನು ಬದಿಗಿರಿಸಿದರೆ ಕೃತಿಯ ಅರ್ಥವೇ ಕುಂದುತ್ತದೆ. ಹಾಗೆಯೇ, ಈ ಪ್ರಶ್ನೆಯನ್ನು ಕೇಳಬಾರದ ಕಡೆ ಕೇಳಿದರೂ ಅನರ್ಥವಾಗುತ್ತದೆ. ಎಲ್ಲಿ ಕೇಳಬೇಕು, ಎಲ್ಲಿ ಕೇಳಬಾರದು ಎಂಬ ವಿವೇಚನೆಯೇ ಪ್ರಸ್ತುತ ಲೇಖನದ ವಸ್ತು.

ಈ ಚರ್ಚೆಗೆ ಇಂದು ಒಂದು ತುರ್ತು ಇದೆ. ೨೦೨೨ರಲ್ಲಿ 'ಅವತಾರ್' ಚಲನಚಿತ್ರದ ಎರಡನೆಯ ಭಾಗ ಕನ್ನಡದ ಧ್ವನಿಯಲ್ಲಿಯೂ ತೆರೆಕಂಡಿತು. ಕಲ್ಪಿತ ಗ್ರಹಗಳ ಪ್ರಾಣಿಸಂಕುಲ ಈಗ ನಮ್ಮ ವಿದ್ಯಾರ್ಥಿಗಳ ಅನುಭವದ ಭಾಗ. ಮತ್ತೊಂದು ಕಡೆ, ೨೦೨೩ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಡಲಾಯಿತು. ವಿಜ್ಞಾನದ ತರಗತಿಯಲ್ಲಿ ಈ ವಿಷಯವನ್ನು ಸರಿಯಾಗಿ ಕೇಳದೆ ಬಂದ ವಿದ್ಯಾರ್ಥಿ ಅದನ್ನು ಮೊದಲ ಬಾರಿಗೆ ಎದುರಿಸುವುದು ಕಥೆಯ ಮೂಲಕ, ಅದೂ ಸಾಹಿತ್ಯದ ತರಗತಿಯಲ್ಲಿ ಆಗಿರಬಹುದು. ಆಗ ನಾವು ಏನು ಹೇಳುತ್ತೇವೆ ಎಂಬುದು ಸಣ್ಣ ಸಂಗತಿಯಲ್ಲ.

೨

ಮೊದಲಿಗೆ ಎರಡು ಬಗೆಯ ಸಾಧ್ಯತೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದನ್ನು ದೇಹಸಾಧ್ಯತೆ ಎಂದೂ ಮತ್ತೊಂದನ್ನು ವಂಶಸಾಧ್ಯತೆ ಎಂದೂ ಕರೆಯಬಹುದು.

ದೇಹಸಾಧ್ಯತೆಯ ಚರ್ಚೆ ಹಳೆಯದು. ಆಕಾರವನ್ನು ಹಿಗ್ಗಿಸಿದಂತೆ ಎಲುಬಿನ ಬಲ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲವೆಂಬುದನ್ನು ಗೆಲಿಲಿಯೊ ೧೬೩೮ರಲ್ಲಿಯೇ ಹೇಳಿದ್ದ. ಜೆ.ಬಿ.ಎಸ್. ಹಾಲ್ಡೇನ್ ೧೯೨೬ರ ಪ್ರಸಿದ್ಧ ಪ್ರಬಂಧವೊಂದರಲ್ಲಿ ಇದೇ ತತ್ತ್ವವನ್ನು ಜಾನ್ ಬನಿಯನ್ನನ 'ಯಾತ್ರಿಕನ ಪ್ರಗತಿ'ಯ ದೈತ್ಯರಿಗೆ ಅನ್ವಯಿಸಿದ. ಮನುಷ್ಯನಿಗಿಂತ ಹತ್ತು ಪಟ್ಟು ಎತ್ತರದ ದೈತ್ಯನ ತೂಕ ಸಾವಿರ ಪಟ್ಟು. ಅವನ ಎಲುಬಿನ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ನೂರು ಪಟ್ಟು. ಹಾಗಾಗಿ ಎಲುಬಿನ ಪ್ರತಿ ಚದರಂಗುಲವೂ ಮನುಷ್ಯನ ಎಲುಬಿಗಿಂತ ಹತ್ತು ಪಟ್ಟು ಭಾರ ಹೊರಬೇಕು. ಹೆಜ್ಜೆ ಇಟ್ಟೊಡನೆ ಅವನ ತೊಡೆಯೆಲುಬು ಮುರಿಯುತ್ತದೆ.

ಜೋನಾಥನ್ ಸ್ವಿಫ್ಟನ 'ಗಲಿವರನ ಪ್ರವಾಸಗಳು' (೧೭೨೬) ಕೃತಿಯಲ್ಲಿ ಲಿಲಿಪುಟ್ಟಿನವರು ಗಲಿವರನ ಹನ್ನೆರಡನೆಯ ಒಂದು ಭಾಗದಷ್ಟು ಎತ್ತರದವರು. ಅಲ್ಲಿಯ ಗಣಿತಜ್ಞರು ಹನ್ನೆರಡರ ಘನವನ್ನು ಲೆಕ್ಕ ಹಾಕಿ, ಆತನಿಗೆ ೧,೭೦೦ಕ್ಕೂ ಹೆಚ್ಚು ಜನರ ಆಹಾರ ಬೇಕೆಂದು ನಿರ್ಧರಿಸುತ್ತಾರೆ. ಇಪ್ಪತ್ತನೆಯ ಶತಮಾನದ ಶರೀರಕ್ರಿಯಾಶಾಸ್ತ್ರ ಈ ಲೆಕ್ಕವನ್ನು ಒಪ್ಪುವುದಿಲ್ಲ. ಮ್ಯಾಕ್ಸ್ ಕ್ಲೈಬರ್ ೧೯೩೨ರಲ್ಲಿ ತೋರಿಸಿದಂತೆ, ಪ್ರಾಣಿಯ ಶಕ್ತಿಯ ವೆಚ್ಚ ಅದರ ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿ ಏರುತ್ತದೆ. ಆ ಪ್ರಕಾರ ಗಲಿವರನಿಗೆ ಸುಮಾರು ೨೭೦ ಲಿಲಿಪುಟ್ಟಿನವರ ಊಟ ಸಾಕು. ಆದರೆ ಈ ತಿದ್ದುಪಡಿಯಿಂದ ಸ್ವಿಫ್ಟನ ಕೃತಿಗೆ ಯಾವ ಕುಂದೂ ಬರುವುದಿಲ್ಲ. ಅವನ ವಿಡಂಬನೆಗೆ ಬೇಕಾದುದು ಪ್ರಮಾಣದ ವ್ಯತ್ಯಾಸ ಮಾತ್ರ. ಲಿಲಿಪುಟ್ಟಿನವರು ಯಾವ ಪೂರ್ವಜರಿಂದ ಕುಗ್ಗಿ ಹುಟ್ಟಿದರು ಎಂಬ ಪ್ರಶ್ನೆಯನ್ನು ಆ ಕೃತಿ ಎತ್ತುವುದಿಲ್ಲ, ಓದುಗನಿಗೂ ಅದು ಹೊಳೆಯುವುದಿಲ್ಲ.

ವಂಶಸಾಧ್ಯತೆ ಇದಕ್ಕಿಂತ ಬೇರೆ. ಒಂದು ದೇಹ ನಿಲ್ಲಬಲ್ಲದು, ನಡೆಯಬಲ್ಲದು, ಉಸಿರಾಡಬಲ್ಲದು ಎಂದಮಾತ್ರಕ್ಕೆ ಅದು ಹುಟ್ಟಿಬರಬಲ್ಲದು ಎಂದಾಗುವುದಿಲ್ಲ. ನಿಸರ್ಗದಲ್ಲಿ ಯಾವ ಜೀವಿಯೂ ಖಾಲಿ ಹಾಳೆಯ ಮೇಲೆ ಬರೆಯಲ್ಪಟ್ಟಿಲ್ಲ. ಫ್ರೆಂಚ್ ಜೀವವಿಜ್ಞಾನಿ ಫ್ರಾಂಸ್ವಾ ಜಾಕೋಬ್ ೧೯೭೭ರ ಲೇಖನವೊಂದರಲ್ಲಿ, ವಿಕಾಸವು ನಕ್ಷೆ ಹಾಕಿ ಕಟ್ಟುವ ಎಂಜಿನಿಯರನಂತೆ ಕೆಲಸ ಮಾಡದೆ, ಕೈಗೆ ಸಿಕ್ಕ ಹಳೆಯ ಸಾಮಾನುಗಳನ್ನೇ ಹೊಂದಿಸಿ ಹೊಸ ಉಪಯೋಗಕ್ಕೆ ಒದಗಿಸುವ ಕೈಕಸುಬಿನವನಂತೆ ಕೆಲಸ ಮಾಡುತ್ತದೆ ಎಂದು ವಿವರಿಸಿದ. ಆದ್ದರಿಂದ ಪ್ರತಿ ಜೀವಿಯ ದೇಹದಲ್ಲಿಯೂ ಅದರ ಹಿಂದಿನವರ ಗುರುತು ಇರುತ್ತದೆ. ಜಿರಾಫೆಯ ಮೆದುಳಿನಿಂದ ಧ್ವನಿಪೆಟ್ಟಿಗೆಗೆ ಹೋಗುವ ನರವೊಂದು ನೇರವಾಗಿ ಹೋಗದೆ ಎದೆಯವರೆಗೆ ಇಳಿದು, ಹೃದಯದ ಬಳಿಯ ರಕ್ತನಾಳವನ್ನು ಸುತ್ತಿ, ಮತ್ತೆ ಹಲವು ಅಡಿ ಮೇಲಕ್ಕೆ ಏರುತ್ತದೆ. ಕತ್ತಿಲ್ಲದ ಮೀನಿನಂತಹ ಪೂರ್ವಜರಲ್ಲಿ ಅದು ನೇರ ದಾರಿಯೇ ಆಗಿತ್ತು. ಈ ಬಳಸುದಾರಿ ಜಿರಾಫೆಯ ವಂಶಚರಿತ್ರೆಯ ದಾಖಲೆ.

ಕಲ್ಪಿತ ಜೀವಿಯ ವಿಷಯದಲ್ಲಿ ಇದರಿಂದ ದೊರೆಯುವ ತತ್ತ್ವ ಮುಖ್ಯವಾದುದು. ತನ್ನ ಕೆಲಸಕ್ಕೆ ತಕ್ಕಂತೆ ಪರಿಪೂರ್ಣವಾಗಿ ರೂಪುಗೊಂಡ ಪ್ರಾಣಿ ನಮಗೆ ಯಂತ್ರದಂತೆ ತೋರುತ್ತದೆ. ಉಪಯೋಗವಿಲ್ಲದ, ಅಥವಾ ಬೇರೊಂದು ಉಪಯೋಗಕ್ಕೆ ತಿರುಗಿಸಿಕೊಂಡ ಅಂಗವಿರುವ ಪ್ರಾಣಿ ಬದುಕಿ ಬಂದದ್ದೆಂದು ತೋರುತ್ತದೆ.

೩

ಈ ತರ್ಕ ಕನ್ನಡ ಅಧ್ಯಯನದವರಿಗೆ ಪರಕೀಯವಾದುದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಡಾರ್ವಿನ್ ತನ್ನ ಗ್ರಂಥದಲ್ಲಿ ಅವಶೇಷಾಂಗಗಳನ್ನು ವಿವರಿಸುವಾಗ ಭಾಷೆಯಿಂದಲೇ ಹೋಲಿಕೆ ಪಡೆಯುತ್ತಾನೆ: ಉಚ್ಚಾರಣೆಯಲ್ಲಿ ಬಿದ್ದುಹೋಗಿ ಕಾಗುಣಿತದಲ್ಲಿ ಮಾತ್ರ ಉಳಿದ ಅಕ್ಷರ ಹೇಗೆ ಪದದ ಮೂಲಕ್ಕೆ ಸುಳಿವು ಕೊಡುತ್ತದೋ ಹಾಗೆ ಅವಶೇಷಾಂಗ ಜೀವಿಯ ಮೂಲಕ್ಕೆ ಸುಳಿವು ಕೊಡುತ್ತದೆ. ಹಳಗನ್ನಡದ ಱ, ೞ ಅಕ್ಷರಗಳನ್ನು ಬಲ್ಲವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. 'ಪಾಲು' 'ಹಾಲು' ಆದುದನ್ನು ಹೇಳುವಾಗ ನಾವು ಒಂದು ಪದದ ವಿಷಯ ಹೇಳುತ್ತಿಲ್ಲ. ಅದೇ ಬಗೆಯ ಅನೇಕ ಪದಗಳಲ್ಲಿ ನಡೆದ ಒಂದು ನಿಯಮಿತ ಪರಿವರ್ತನೆಯನ್ನು ಹೇಳುತ್ತಿದ್ದೇವೆ. ಡಾರ್ವಿನ್ನನ ಗ್ರಂಥಕ್ಕಿಂತ ಮೂರು ವರ್ಷ ಮೊದಲು, ೧೮೫೬ರಲ್ಲಿ, ಕಾಲ್ಡ್‌ವೆಲ್ಲನ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಪ್ರಕಟವಾಯಿತು. ಅದು ಮಾಡಿದ್ದೂ ಬೇರೆ ಬೇರೆ ಭಾಷೆಗಳ ಹೋಲಿಕೆಗಳಿಂದ ಅವುಗಳ ಮೂಲಸಂಬಂಧವನ್ನು ಊಹಿಸುವ ಕೆಲಸವನ್ನೇ.

ಗ್ರಂಥಸಂಪಾದನೆಯಲ್ಲಿ ಈ ಸಾಮ್ಯ ಇನ್ನೂ ನಿಕಟವಾಗಿದೆ. ಎರಡು ಹಸ್ತಪ್ರತಿಗಳು ಒಂದೇ ಮಾತೃಪ್ರತಿಯಿಂದ ಬಂದಿವೆ ಎಂದು ನಾವು ನಿರ್ಣಯಿಸುವುದು ಅವೆರಡರಲ್ಲಿಯೂ ಇರುವ ಶುದ್ಧಪಾಠಗಳಿಂದಲ್ಲ, ಅವೆರಡೂ ಹಂಚಿಕೊಂಡಿರುವ ಸ್ಖಾಲಿತ್ಯಗಳಿಂದ. ಸರಿಯಾದ ಪಾಠ ಯಾವ ಪ್ರತಿಯಲ್ಲಿಯೂ ಇರಬಹುದು. ಒಂದೇ ಬಗೆಯ ವಿಶಿಷ್ಟ ತಪ್ಪು ಎರಡು ಕಡೆ ಸ್ವತಂತ್ರವಾಗಿ ಹುಟ್ಟುವ ಸಂಭವ ಕಡಿಮೆ. ಹೀಗೆ ಹಸ್ತಪ್ರತಿಗಳ ವಂಶವೃಕ್ಷವನ್ನು ರಚಿಸುವ ವಿಧಾನವೂ ಪ್ರಾಣಿಗಳ ವಂಶವೃಕ್ಷವನ್ನು ರಚಿಸುವ ವಿಧಾನವೂ ತಾತ್ವಿಕವಾಗಿ ಒಂದೇ. ಆದ್ದರಿಂದ ಕಲ್ಪಿತ ಜೀವಿಗಳನ್ನು ವಂಶದ ದೃಷ್ಟಿಯಿಂದ ಪರೀಕ್ಷಿಸಲು ನಾವು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ನಮ್ಮ ಶಿಸ್ತಿನೊಳಗಿನ ಉಪಕರಣಗಳನ್ನೇ ಬಳಸಬಹುದು.

೪

ಈ ಉಪಕರಣದಿಂದ ನೋಡಿದರೆ ಪಾಶ್ಚಾತ್ಯ ಕಥೆಗಳ ಡ್ರ್ಯಾಗನ್ ಒಂದು ಸಮಸ್ಯೆಯಾಗಿ ಕಾಣುತ್ತದೆ. ನಾಲ್ಕು ಕಾಲು, ಅದರ ಮೇಲೆ ಎರಡು ರೆಕ್ಕೆ: ಒಟ್ಟು ಆರು ಅವಯವಗಳು. ಭೂಮಿಯ ಮೇಲಿನ ಕಪ್ಪೆ, ಸರೀಸೃಪ, ಪಕ್ಷಿ, ಸಸ್ತನಿಗಳೆಲ್ಲವೂ ನಾಲ್ಕು ಅವಯವಗಳ ಒಂದೇ ಪೂರ್ವಜಸಮೂಹದಿಂದ ಬಂದವು. ಹಾವುಗಳು ಇದ್ದ ಅವಯವಗಳನ್ನು ಕಳೆದುಕೊಂಡಿವೆ. ಹೊಸ ಜೋಡಿಯನ್ನು ಪಡೆದ ಉದಾಹರಣೆ ಇಲ್ಲ. ಪಕ್ಷಿ, ಬಾವಲಿ ಮತ್ತು ಅಳಿದುಹೋದ ಟೆರೊಸಾರ್ ಮೂರೂ ಬೇರೆ ಬೇರೆಯಾಗಿ ಹಾರುವುದನ್ನು ಕಲಿತರೂ ಮೂರೂ ತಮ್ಮ ಮುಂಗಾಲುಗಳನ್ನೇ ರೆಕ್ಕೆಯಾಗಿ ಮಾರ್ಪಡಿಸಿಕೊಂಡವು. ಹಾರಾಟಕ್ಕೆ ಅವು ತೆತ್ತ ಬೆಲೆ ಅದು. ಬೆಲೆ ತೆರದೆ ರೆಕ್ಕೆ ಪಡೆದ ಡ್ರ್ಯಾಗನ್ ಉಳಿದ ಪ್ರಾಣಿಗಳ ನಂಟಿಲ್ಲದೆ ಒಂಟಿಯಾಗಿ ನಿಲ್ಲುತ್ತದೆ. ತನ್ನ ಕಾದಂಬರಿಗಳ ಡ್ರ್ಯಾಗನ್‌ಗಳಿಗೆ ಎರಡೇ ಕಾಲುಗಳಿರಬೇಕೆಂದು ಜಾರ್ಜ್ ಆರ್.ಆರ್. ಮಾರ್ಟಿನ್ ಪಟ್ಟುಹಿಡಿದುದಕ್ಕೆ ಕಾರಣ ಇದೇ.

ನಾಲ್ಕು ಕಾಲುಗಳನ್ನು ಉಳಿಸಿಕೊಂಡೂ ಗಾಳಿಯಲ್ಲಿ ತೇಲುವ ದಾರಿಯೊಂದು ನಿಸರ್ಗದಲ್ಲಿ ಇದೆ. ಅದು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಅಡಿಕೆ ತೋಟಗಳಲ್ಲಿಯೂ ವಾಸಿಸುವ ಹಾರುವ ಓತಿಯಲ್ಲಿದೆ. ಈ ಓತಿಯ ಕೆಲವು ಪಕ್ಕೆಲುಬುಗಳು ದೇಹದಿಂದ ಆಚೆಗೆ ಉದ್ದವಾಗಿ ಚಾಚಿ, ಅವುಗಳ ಮೇಲೆ ಚರ್ಮ ಹರಡಿಕೊಂಡು ರೆಕ್ಕೆಯಾಗಿದೆ. ಮರದಿಂದ ಮರಕ್ಕೆ ತೇಲುವಾಗ ಅದು ಪಕ್ಕೆಲುಬುಗಳನ್ನು ಬಿಚ್ಚುತ್ತದೆ, ಕುಳಿತಾಗ ಮಡಚಿಕೊಳ್ಳುತ್ತದೆ. ಲಿನೇಯಸ್ ೧೭೫೮ರಲ್ಲಿ ಈ ಕುಲಕ್ಕೆ ಇಟ್ಟ ಹೆಸರು 'ಡ್ರೇಕೊ', ಅಂದರೆ ಡ್ರ್ಯಾಗನ್. ಕವಿಕಲ್ಪನೆಗೆ ಎಟುಕದ ಪರಿಹಾರವನ್ನು ನಿಸರ್ಗ ಪಕ್ಕೆಲುಬಿನಲ್ಲಿ ಕಂಡುಕೊಂಡಿತ್ತು. ವಂಶದ ಕಟ್ಟುಪಾಡು ಕಲ್ಪನೆಯನ್ನು ಕಟ್ಟಿಹಾಕುತ್ತದೆ ಎಂದು ಭಾವಿಸುವವರು ಈ ಓತಿಯನ್ನು ಗಮನಿಸಬೇಕು. ಇರುವುದರಲ್ಲಿಯೇ ಹೊಂದಿಸಬೇಕೆಂಬ ನಿರ್ಬಂಧವಿಲ್ಲದಿದ್ದರೆ ಪಕ್ಕೆಲುಬಿನ ರೆಕ್ಕೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಜೇಮ್ಸ್ ಕ್ಯಾಮರೂನನ 'ಅವತಾರ್' (೨೦೦೯) ಚಿತ್ರದ ಪಂಡೋರಾದಲ್ಲಿ ಇದೇ ತೊಡಕು ತಿರುಗುಮುರುಗಾಗಿದೆ. ಅಲ್ಲಿಯ ಬಹುಪಾಲು ದೊಡ್ಡ ಪ್ರಾಣಿಗಳಿಗೆ ಆರು ಅವಯವಗಳು, ನಾಲ್ಕು ಕಣ್ಣುಗಳು. ನಾಯಕಸ್ಥಾನದ ನಾವಿ ಜನರಿಗೆ ಮಾತ್ರ ನಮ್ಮಂತೆ ಎರಡು ಕೈ, ಎರಡು ಕಾಲು, ಎರಡು ಕಣ್ಣು. ಪ್ರೇಕ್ಷಕನಿಗೆ ಅವರ ಮೇಲೆ ಪ್ರೀತಿ ಹುಟ್ಟಬೇಕು ಎಂಬುದೇ ಇದಕ್ಕೆ ನಿಜವಾದ ಕಾರಣವೆಂದು ಊಹಿಸುವುದು ಕಷ್ಟವಲ್ಲ. ಚಿತ್ರದ ವಿನ್ಯಾಸಕಾರರಿಗೂ ಈ ಬಿರುಕು ತಿಳಿದಿತ್ತೆಂದು ತೋರುತ್ತದೆ. ಮರಗಳಲ್ಲಿ ಜಿಗಿಯುವ ಕೋತಿಯಂತಹ ಪ್ರಾಣಿಯೊಂದನ್ನು ಅವರು ಕಲ್ಪಿಸಿದರು. ಅದರ ಎರಡು ಜೊತೆ ತೋಳುಗಳು ಮೊಣಕೈವರೆಗೆ ಕೂಡಿಕೊಂಡು ಮುಂದೆ ಬೇರ್ಪಡುತ್ತವೆ. ಆರು ಅವಯವಗಳು ನಾಲ್ಕಾದ ದಾರಿಯ ನಡುವಣ ಮೆಟ್ಟಿಲು ಅದು. ಕೆಲವೇ ಕ್ಷಣ ತೆರೆಯ ಮೇಲೆ ಕಾಣುವ ಆ ಪ್ರಾಣಿಯಿಂದ ಒಂದು ಜಗತ್ತಿಗೆ ಭೂತಕಾಲ ಒದಗುತ್ತದೆ.

೫

ವಿಕಾಸದ ತರ್ಕ ಕೃತಿಯ ಅಲಂಕಾರವಾಗಿ ಉಳಿಯದೆ ಕಥೆಯ ಗತಿಯನ್ನೇ ನಿರ್ಧರಿಸಿದ ಶ್ರೇಷ್ಠ ನಿದರ್ಶನಗಳು ಎಚ್.ಜಿ. ವೆಲ್ಸನವು. ಡಾರ್ವಿನ್ನನ ವಾದದ ಸಮರ್ಥ ಪ್ರತಿಪಾದಕನಾಗಿದ್ದ ಟಿ.ಎಚ್. ಹಕ್ಸ್ಲಿಯ ಬಳಿ ಲಂಡನ್ನಿನಲ್ಲಿ ೧೮೮೪-೮೫ರಲ್ಲಿ ಜೀವಶಾಸ್ತ್ರ ಕಲಿತವನು ವೆಲ್ಸ್. 'ಕಾಲಯಂತ್ರ' (೧೮೯೫) ಕಾದಂಬರಿಯ ನಾಯಕ ಕ್ರಿ.ಶ. ೮,೦೨,೭೦೧ಕ್ಕೆ ಹೋಗುತ್ತಾನೆ. ಅಲ್ಲಿ ಎಲಾಯ್ ಎಂಬ ಕೋಮಲ, ಅಲ್ಪಮತಿಯ ಜೀವಿಗಳು ನೆಲದ ಮೇಲೆಯೂ ಮಾರ್ಲಾಕ್ ಎಂಬ ಬಿಳಿಚಿದ, ದೊಡ್ಡ ಕಣ್ಣಿನ ಜೀವಿಗಳು ನೆಲದಡಿಯಲ್ಲಿಯೂ ವಾಸಿಸುತ್ತಾರೆ. ಇವರಿಬ್ಬರೂ ವರ್ಗಭೇದದ ರೂಪಕಗಳು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಅದು ಸರಿಯೇ. ಆದರೆ ನಾಯಕ ಆ ನಿರ್ಣಯಕ್ಕೆ ಬರುವ ಬಗೆ ಗಮನಾರ್ಹ. ಎಲಾಯ್‌ಗಳನ್ನು ಮಾತ್ರ ಕಂಡಾಗ ಅವನು ಒಂದು ಊಹೆ ಕಟ್ಟುತ್ತಾನೆ: ಕಷ್ಟವಿಲ್ಲದ ಬದುಕಿನಲ್ಲಿ ಮನುಕುಲದ ಬಲವೂ ಬುದ್ಧಿಯೂ ಕ್ಷೀಣಿಸಿವೆ. ಮಾರ್ಲಾಕರನ್ನು ಕಂಡಮೇಲೆ ಆ ಊಹೆಯನ್ನು ಕೈಬಿಡುತ್ತಾನೆ. ಅವರ ಬಿಳಿ ಮೈಯನ್ನು ಗವಿಗಳ ಮೀನುಗಳಿಗೂ ಹೊಳೆಯುವ ಕಣ್ಣನ್ನು ನಿಶಾಚರ ಪ್ರಾಣಿಗಳಿಗೂ ಹೋಲಿಸಿ, ತಲೆಮಾರುಗಳಿಂದ ಕತ್ತಲೆಯಲ್ಲಿ ದುಡಿದ ಕಾರ್ಮಿಕರ ಸಂತತಿ ಇದೆಂದು ಗ್ರಹಿಸುತ್ತಾನೆ. ಅವರು ಎಲಾಯ್‌ಗಳನ್ನೇ ತಿನ್ನುತ್ತಾರೆಂದು ತಿಳಿದಾಗ ಮತ್ತೆ ತಿದ್ದಿಕೊಳ್ಳುತ್ತಾನೆ. ದೇಹದ ಸಾಕ್ಷ್ಯದಿಂದ ವಂಶದ ಇತಿಹಾಸವನ್ನು ಓದುವ ಪ್ರಯತ್ನವೇ ಆ ಕಾದಂಬರಿಯ ಕಥನಕ್ರಮ. ವರ್ಗಭೇದ ಅಲ್ಲಿ ಹೋಲಿಕೆಯಾಗಿ ಬಂದಿಲ್ಲ, ಕಾರಣವಾಗಿ ಬಂದಿದೆ. ಆರ್ಥಿಕ ಅನ್ಯಾಯ ದೇಹದೊಳಕ್ಕೆ ಇಳಿದು ಎರಡು ಪ್ರಭೇದಗಳಾಗಿ ನಿಂತಿದೆ ಎಂಬ ಭಯಾನಕತೆ, 'ರೂಪಕ' ಎಂಬ ಮಾತಿನಿಂದ ತೆಳುವಾಗುತ್ತದೆ.

'ಲೋಕಗಳ ಸಮರ' (೧೮೯೮) ಕಾದಂಬರಿಯಲ್ಲಿ ಇದು ಮತ್ತೂ ಸ್ಪಷ್ಟ. ಮಂಗಳಗ್ರಹದ ಆಕ್ರಮಣಕಾರರನ್ನು ವಸಾಹತುಶಾಹಿಯ ಪ್ರತಿಬಿಂಬವೆಂದು ಓದಲು ವೆಲ್ಸನೇ ಆಧಾರ ಕೊಟ್ಟಿದ್ದಾನೆ. ಯುರೋಪಿಯನ್ನರು ಟ್ಯಾಸ್ಮೇನಿಯಾದ ಜನರನ್ನು ನಾಶಗೊಳಿಸಿದುದನ್ನು ಆರಂಭದಲ್ಲಿಯೇ ನೆನಪಿಸುತ್ತಾನೆ. ಆದರೆ ಕೊನೆಗೆ ಅವರನ್ನು ಸೋಲಿಸಿದ್ದು ಫಿರಂಗಿಗಳಲ್ಲ, ಸೂಕ್ಷ್ಮಜೀವಿಗಳು. ಅಸಂಖ್ಯ ತಲೆಮಾರುಗಳ ಸಾವಿನ ಮೂಲಕ ಮನುಷ್ಯನ ದೇಹ ಈ ಸೂಕ್ಷ್ಮಜೀವಿಗಳೊಡನೆ ಬದುಕಲು ಕಲಿತಿದೆ. ಅವುಗಳ ಪರಿಚಯವೇ ಇಲ್ಲದ ಗ್ರಹದವರಿಗೆ ಆ ರಕ್ಷಣೆ ಇಲ್ಲ. ಈ ಅಂತ್ಯವನ್ನು ಆಕಸ್ಮಿಕವೆಂದು, ಲೇಖಕ ಪಾರಾಗಲು ಹುಡುಕಿದ ಉಪಾಯವೆಂದು ಹಳಿಯುವುದುಂಟು. ಅದು ನಿಸರ್ಗದ ಆಯ್ಕೆಯ ತತ್ತ್ವದಿಂದ ನೇರವಾಗಿ ಒದಗಿದ ಅಂತ್ಯ. ಭೂಮಿಯ ಮೇಲೆ ಮನುಷ್ಯನಿಗೆ ಇರುವ ಹಕ್ಕು ಅವನ ಶ್ರೇಷ್ಠತೆಯಿಂದ ಬಂದುದಲ್ಲ, ಅವನ ಪೂರ್ವಜರ ಸಾವುಗಳಿಂದ ಬಂದುದು ಎಂಬ ಮಾತು ವಸಾಹತುಶಾಹಿಯ ಅಹಂಕಾರಕ್ಕೆ ಕೊಟ್ಟ ಉತ್ತರವೂ ಹೌದು. ಇಲ್ಲಿ ವಿಕಾಸದ ತರ್ಕವನ್ನು ಬಿಟ್ಟರೆ ರಾಜಕೀಯದ ಅರ್ಥವೂ ಕೈತಪ್ಪುತ್ತದೆ.

ನೂರು ವರ್ಷಗಳ ಅನಂತರ ಫಿಲಿಪ್ ಪುಲ್ಮನ್ 'ದಿ ಆಂಬರ್ ಸ್ಪೈಗ್ಲಾಸ್' (೨೦೦೦) ಕಾದಂಬರಿಯಲ್ಲಿ ಚಕ್ರದ ಮೇಲೆ ಚಲಿಸುವ ಮುಲೇಫ ಎಂಬ ಜೀವಿಗಳನ್ನು ಕಲ್ಪಿಸಿದ. ಪ್ರಾಣಿಗಳಿಗೆ ಚಕ್ರವೇಕಿಲ್ಲ ಎಂಬ ಪ್ರಶ್ನೆಯನ್ನು ಸ್ಟೀಫನ್ ಜೇ ಗೂಲ್ಡ್ ತನ್ನ ಪ್ರಬಂಧವೊಂದರಲ್ಲಿ ಚರ್ಚಿಸಿದ್ದ. ಸ್ವತಂತ್ರವಾಗಿ ಸುತ್ತುವ ಅಂಗಕ್ಕೆ ದೇಹದಿಂದ ರಕ್ತನಾಳ ನರಗಳನ್ನು ಒದಗಿಸಲಾಗದು. ಜೊತೆಗೆ ರಸ್ತೆಯಿಲ್ಲದ ಕಡೆ ಚಕ್ರ ನಿರುಪಯುಕ್ತ. ಪುಲ್ಮನ್ನನ ಕಲ್ಪನೆಯಲ್ಲಿ ಎರಡಕ್ಕೂ ಉತ್ತರವಿದೆ. ಮುಲೇಫರ ಚಕ್ರ ಅವರ ದೇಹದ ಭಾಗವಲ್ಲ, ಬೃಹತ್ ಮರಗಳ ಗಟ್ಟಿಯಾದ ದುಂಡು ಬೀಜಕೋಶ. ರಸ್ತೆಯಾದದ್ದು ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಓಡಾಟದ ಪೆಟ್ಟಿನಿಂದಲೇ ಬೀಜಕೋಶ ಒಡೆದು ಬೀಜ ಹೊರಬರುತ್ತದೆ, ಮುಲೇಫರು ಅದನ್ನು ಮೊಳೆಯಿಸಿ ಪೋಷಿಸುತ್ತಾರೆ. ಮರ, ಜೀವಿ, ನೆಲ ಮೂರೂ ಒಂದನ್ನೊಂದು ಸಾಕುತ್ತವೆ. ಇನ್ನೊಂದು ಸೂಕ್ಷ್ಮವೂ ಇದೆ. ಮುಲೇಫರ ಕಾಲುಗಳು ಮುಂದೊಂದು, ಹಿಂದೊಂದು, ಪಕ್ಕಕ್ಕೆ ಎರಡು ಎಂಬಂತೆ ವಜ್ರಾಕೃತಿಯಲ್ಲಿವೆ. ಅದೇ ಜಗತ್ತಿನ ಮೇಯುವ ಪ್ರಾಣಿಗಳದೂ ಅದೇ ವಿನ್ಯಾಸ. ಆ ಜಗತ್ತಿನ ಪ್ರಾಣಿಗಳು ಪರಸ್ಪರ ದಾಯಾದಿಗಳು. ಮರಗಳು ಸಾಯತೊಡಗಿದಾಗ ಮುಲೇಫರ ಸಮಸ್ತ ಬದುಕೂ ಏಕೆ ಕುಸಿಯುತ್ತದೆಂಬುದು ಈ ಪರಸ್ಪರಾವಲಂಬನೆ ತಿಳಿದವರಿಗೆ ಮಾತ್ರ ಪೂರ್ಣವಾಗಿ ಅರಿವಾಗುತ್ತದೆ.

೬

ಇನ್ನು ಈ ಪ್ರಶ್ನೆಯನ್ನು ಕೇಳಬಾರದ ಕಡೆಗೆ ಬರೋಣ. ಗಂಡಭೇರುಂಡ, ಶರಭ, ಮಕರ, ವ್ಯಾಳಗಳು ನಮ್ಮ ಕಾವ್ಯ ಶಿಲ್ಪಗಳಲ್ಲಿ ನೆಲೆಗೊಂಡ ಜೀವಿಗಳು. ಇವುಗಳ ರಚನಾತತ್ತ್ವ ಜೋಡಣೆ. ಆನೆಯ ಸೊಂಡಿಲು, ಸಿಂಹದ ಮೈ, ಮೊಸಳೆಯ ದವಡೆ, ಎರಡು ತಲೆ, ಹೀಗೆ ಬೇರೆ ಬೇರೆ ವಂಶಗಳ ಶಕ್ತಿಗಳು ಒಂದೆಡೆ ಕೂಡುತ್ತವೆ. ವಿಕಾಸದಲ್ಲಿ ಇಂತಹ ಜೋಡಣೆಗೆ ಅವಕಾಶವಿಲ್ಲ. ಬೇರ್ಪಟ್ಟ ಕೊಂಬೆಗಳ ಅಂಗಗಳು ಮತ್ತೊಂದು ಕೊಂಬೆಯಲ್ಲಿ ಕೂಡಲಾರವು. ಆದರೆ ಶಿಲ್ಪಿಗೆ ಬೇಕಾದುದು ಅದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪವೊಂದರಲ್ಲಿ ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವ ಸರಣಿ ಇದೆ. ಇದನ್ನು ಆಹಾರಸರಪಳಿ ಎಂದು ಕರೆಯುವ ಆಸೆ ಹುಟ್ಟಬಹುದು. ಆದರೆ ಆನೆ ಹಾವನ್ನು ತಿನ್ನುವುದಿಲ್ಲ. ಅಲ್ಲಿರುವುದು ಬಲಕ್ಕೆ ಮಿಗಿಲಾದ ಬಲವಿದೆ ಎಂಬ ಶ್ರೇಣಿ. 'ಯಾರಿಂದ ಯಾರು ಹುಟ್ಟಿದರು' ಎಂಬುದು ಆ ಶಿಲ್ಪದ ಪ್ರಶ್ನೆಯಲ್ಲ. 'ಯಾರ ಮೇಲೆ ಯಾರು' ಎಂಬುದು ಅದರ ಪ್ರಶ್ನೆ. ಅದಕ್ಕೆ ಗಂಡಭೇರುಂಡ ಸಮರ್ಪಕ ಉತ್ತರ. ಅದರ ವಂಶವನ್ನು ಕೇಳುವುದು ಅನೌಚಿತ್ಯ.

ಇದೇ ಕಾರಣದಿಂದ ದಶಾವತಾರದಲ್ಲಿ ವಿಕಾಸವಾದ ಅಡಗಿದೆ ಎಂಬ ಜನಪ್ರಿಯ ವಾದವನ್ನೂ ಪರಿಶೀಲಿಸಬೇಕಾಗಿದೆ. ಈ ವಾದ ಪ್ರಾಚೀನವಾದುದಲ್ಲ. ಡಾರ್ವಿನ್ನನ ನಂತರವೇ, ೧೮೭೭ರಲ್ಲಿ ಮೇಡಂ ಬ್ಲಾವಟ್ಸ್ಕಿಯ ಗ್ರಂಥದಲ್ಲಿಯೂ ೧೮೮೨ರಲ್ಲಿ ಕೇಶವಚಂದ್ರ ಸೇನರ ಉಪನ್ಯಾಸದಲ್ಲಿಯೂ ಅದು ಕಾಣಿಸಿಕೊಂಡಿತು. ಮತ್ಸ್ಯ, ಕೂರ್ಮ, ವರಾಹ ಎಂಬ ಅನುಕ್ರಮ ಜಲಚರದಿಂದ ಭೂಚರಕ್ಕೆ ಸಾಗುವಂತೆ ತೋರುವುದೇನೋ ನಿಜ. ಆದರೆ ಮತ್ಸ್ಯದಿಂದ ಕೂರ್ಮ ಹುಟ್ಟಿತೆಂದು ಪುರಾಣ ಎಲ್ಲಿಯೂ ಹೇಳುವುದಿಲ್ಲ. ಪ್ರತಿ ಅವತಾರವೂ ಲೋಕದ ಒಂದು ಸಂಕಟಕ್ಕಾಗಿ ಮೇಲಿನಿಂದ ಇಳಿದುಬರುವಂಥದ್ದು; ಅವತರಣವೆಂಬ ಶಬ್ದದ ಅರ್ಥವೇ ಅದು. ಡಾರ್ವಿನ್ನನ ಗ್ರಂಥದಲ್ಲಿರುವ ಏಕೈಕ ಚಿತ್ರ ಕವಲೊಡೆಯುವ ಮರದಂತಹ ರೇಖಾಚಿತ್ರ, ದಶಾವತಾರದಲ್ಲಿ ಕವಲುಗಳಿಲ್ಲ. ಎರಡನ್ನೂ ಒಂದೆಂದು ಹೇಳುವುದರಿಂದ ವಿಜ್ಞಾನ ಏಣಿಯಾಗಿ ಕುಗ್ಗುತ್ತದೆ, ಪುರಾಣ ಅಪೂರ್ಣ ವಿಜ್ಞಾನವಾಗಿ ಕುಗ್ಗುತ್ತದೆ. ಪುರಾಣದ ಗೌರವವನ್ನು ಕಾಪಾಡಲು ಬಯಸುವವರೇ ಈ ಹೋಲಿಕೆಯನ್ನು ಮೊದಲು ಕೈಬಿಡಬೇಕು.

೭

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ವಿಜ್ಞಾನದ ತೀರ್ಮಾನಗಳು ಬದಲಾಗುತ್ತವೆ. ಅವುಗಳಿಗೆ ಕೃತಿಯ ಮೌಲ್ಯವನ್ನು ಗಂಟುಹಾಕಬಹುದೆ? ಗಂಟುಹಾಕಬಾರದು. ವೆಲ್ಸನ ಕಾಲಯಾತ್ರಿಕ ಮೂರು ಕೋಟಿ ವರ್ಷಗಳಾಚೆ ಆರುತ್ತಿರುವ ಸೂರ್ಯನನ್ನು ಕಾಣುತ್ತಾನೆ. ಅಂದಿನ ಭೌತವಿಜ್ಞಾನದ ಅಂದಾಜಿಗೆ ಅದು ಹೊಂದುತ್ತಿತ್ತು. ಸೂರ್ಯನಿಗೆ ಇನ್ನೂ ಸುಮಾರು ಐನೂರು ಕೋಟಿ ವರ್ಷಗಳ ಆಯುಷ್ಯವಿದೆ ಎಂಬುದು ಇಂದಿನ ತಿಳಿವಳಿಕೆ. ಆದರೂ ಆ ದೃಶ್ಯದ ಗಾಂಭೀರ್ಯ ಕುಗ್ಗಿಲ್ಲ, ಏಕೆಂದರೆ ಅದು ಕೃತಿಯೊಳಗಿನ ಕಾರ್ಯಕಾರಣ ಸರಣಿಯ ಕೊನೆಯ ಕೊಂಡಿ. ನಾವು ಪರೀಕ್ಷಿಸಬೇಕಾದುದು ಕೃತಿಯ ಮಾಹಿತಿ ಇಂದಿನ ಪಠ್ಯಪುಸ್ತಕಕ್ಕೆ ಹೊಂದುತ್ತದೆಯೇ ಎಂದಲ್ಲ. ಕೃತಿ ತಾನೇ ಒಪ್ಪಿಕೊಂಡ ನಿಯಮಕ್ಕೆ ನಿಷ್ಠವಾಗಿದೆಯೇ ಎಂದು.

ಈ ಮಾತು ನಮ್ಮ ಮೀಮಾಂಸೆಗೆ ಹೊಸದಲ್ಲ. ನಂಬಲಾಗದ ಸಾಧ್ಯಕ್ಕಿಂತ ನಂಬಬಹುದಾದ ಅಸಾಧ್ಯವೇ ಕಾವ್ಯಕ್ಕೆ ಮೇಲು ಎಂದು ಅರಿಸ್ಟಾಟಲ್ ಹೇಳಿದ. ಔಚಿತ್ಯವೇ ಕಾವ್ಯದ ಜೀವಿತವೆಂದು ಕ್ಷೇಮೇಂದ್ರ ಸಾಧಿಸಿದ. ಹಸಿರು ಸೂರ್ಯ ಎಂದು ಹೇಳುವುದು ಸುಲಭ, ಹಸಿರು ಸೂರ್ಯನು ನಂಬಲರ್ಹನಾಗುವ ಜಗತ್ತನ್ನು ಕಟ್ಟುವುದು ಶ್ರಮದ ಕೆಲಸ ಎಂಬುದು ಜೆ.ಆರ್.ಆರ್. ಟೋಲ್ಕಿನ್ನನ ವಾದ. ಅವನ ಕೃತಿಗಳೇ ಇದಕ್ಕೆ ಸಾಕ್ಷಿ. ಭಾಷಾಶಾಸ್ತ್ರಜ್ಞನಾದ ಅವನು ತನ್ನ ಎರಡು ಕಲ್ಪಿತ ಭಾಷೆಗಳನ್ನು, ಕ್ವೆನ್ಯ ಮತ್ತು ಸಿಂಡರಿನ್‌ಗಳನ್ನು, ಒಂದೇ ಮೂಲಭಾಷೆಯಿಂದ ನಿಯಮಿತ ಧ್ವನಿಪರಿವರ್ತನೆಗಳ ಮೂಲಕ ಹುಟ್ಟಿಸಿದ. ಅವನ ಜಗತ್ತಿಗೆ ಒದಗಿದ ಪ್ರಾಚೀನತೆಯ ಅನುಭವಕ್ಕೆ ಇದು ಒಂದು ಮುಖ್ಯ ಕಾರಣ. ಓರ್ಕ್‌ಗಳ ಉಗಮದ ವಿಷಯದಲ್ಲಿ ಮಾತ್ರ ಅವನು ಕೊನೆಯವರೆಗೂ ಒಂದು ನಿರ್ಣಯಕ್ಕೆ ಬರಲಿಲ್ಲ. ಅವುಗಳಿಗೆ ಆತ್ಮವಿದೆಯೇ, ಅವು ತಿದ್ದಿಕೊಳ್ಳಬಲ್ಲವೇ ಎಂಬ ನೈತಿಕ ಪ್ರಶ್ನೆ ಅವನ ಕೃತಿಯಲ್ಲಿ ತೊಡಕಾಗಿ ಉಳಿದುದಕ್ಕೂ ಅವುಗಳಿಗೆ ಖಚಿತ ವಂಶವಿಲ್ಲದುದಕ್ಕೂ ಸಂಬಂಧವಿದೆ.

೮

ಕನ್ನಡದ ಸಂದರ್ಭದಲ್ಲಿ ಈ ಚರ್ಚೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (೧೯೮೦) ಕಾದಂಬರಿಯ ಬಳಿ ನಿಲ್ಲಲೇಬೇಕು. ಅದರ ಜಗತ್ತು ಕಲ್ಪಿತ ಗ್ರಹವಲ್ಲ, ಮಲೆನಾಡು. ಆದರೆ ವಿಕಾಸದ ಕಾಲಪ್ರಮಾಣವನ್ನು ಕಥೆಯ ಒಳಗೆ ತಂದ ಕನ್ನಡ ಕೃತಿಗಳಲ್ಲಿ ಅದು ಪ್ರಮುಖವಾದುದು. ವಿಜ್ಞಾನಿ ಕರ್ವಾಲೊ, ಮಂದಣ್ಣ ಮತ್ತು ಸಂಗಡಿಗರು ಕಾಡಿನಲ್ಲಿ ಹುಡುಕುತ್ತ ಹೋಗುವ ಜೀವಿ, ಮೇಲೆ ಹೇಳಿದ ಹಾರುವ ಓತಿ. ಕೊನೆಗೆ ಅದು ಕೈಗೆ ಸಿಗದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಆ ಓತಿಯನ್ನು ನಿಗೂಢತೆಯ, ಅನ್ವೇಷಣೆಯ, ಕೈಗೆಟುಕದ ಸತ್ಯದ ಸಂಕೇತವಾಗಿ ಓದುವುದು ನಮ್ಮಲ್ಲಿ ರೂಢಿ. ಆ ಓದು ತಪ್ಪಲ್ಲ, ಸಾಲದು.

ಓತಿ ಸಂಕೇತ ಮಾತ್ರವಾಗಿದ್ದರೆ ಅದರ ಸ್ಥಾನದಲ್ಲಿ ಬೇರೊಂದು ಅಪರೂಪದ ವಸ್ತುವನ್ನು ಇಡಬಹುದಾಗಿತ್ತು. ಹಾಗೆ ಇಡಲಾಗುವುದಿಲ್ಲ. ನೆಲದ ಪ್ರಾಣಿಯೊಂದು ತನ್ನ ಪಕ್ಕೆಲುಬುಗಳನ್ನೇ ಚಾಚಿ ಗಾಳಿಗೆ ಇಳಿದ ಚರಿತ್ರೆ ಆ ದೇಹದಲ್ಲಿದೆ. ಆ ಚರಿತ್ರೆಯ ಎದುರು ನಿಂತಾಗಲೇ ಕರ್ವಾಲೊ ಮತ್ತು ಮಂದಣ್ಣರ ನಡುವಣ ವಿದ್ಯೆ, ಅಂತಸ್ತುಗಳ ಅಂತರ ಅಲ್ಪವಾಗಿ ಕಾಣುತ್ತದೆ. ಓತಿಯೂ ಅದನ್ನು ನೋಡುತ್ತಿರುವವರೂ ಬಹುದೂರದ ಒಂದೇ ಪೂರ್ವಜಸಮೂಹದಿಂದ ಕವಲೊಡೆದವರು. ಪಕ್ಕೆಲುಬು ಇಬ್ಬರಿಗೂ ಆ ಕಡೆಯಿಂದಲೇ ಬಂದ ಪಿತ್ರಾರ್ಜಿತ. ಸಂಕೇತವೆಂದು ಓದಿದಾಗ ಓತಿ ಮನುಷ್ಯನ ಅನ್ವೇಷಣೆಯ ನಿಮಿತ್ತವಾಗುತ್ತದೆ. ವಂಶವನ್ನು ನೆನೆದು ಓದಿದಾಗ ಮನುಷ್ಯನೂ ಆ ದೀರ್ಘ ಕಥೆಯ ಒಂದು ಕವಲಾಗುತ್ತಾನೆ. ಕಾದಂಬರಿಯ ವಿನಯ ಈ ಎರಡನೆಯ ಓದಿನಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ.

ಆದ್ದರಿಂದ ಕಲ್ಪಿತ ಜೀವಿ ಎದುರಾದಾಗ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳುವುದು ಒಳ್ಳೆಯದು. ಈ ಕೃತಿ ತನ್ನ ಜೀವಿಗೆ ಭೂತಕಾಲವೊಂದನ್ನು ಕೊಡುತ್ತದೆಯೇ? ಕೊಟ್ಟಿದ್ದರೆ, ಆ ಭೂತಕಾಲ ಜೀವಿಯ ದೇಹದಲ್ಲಿಯೂ ಸುತ್ತಲಿನ ಪ್ರಾಣಿಗಳಲ್ಲಿಯೂ ಗುರುತು ಬಿಟ್ಟಿದೆಯೇ? ಆ ಗುರುತುಗಳಿಂದ ಕಥೆಯ ಗತಿಗೂ ಅರ್ಥಕ್ಕೂ ಏನು ಒದಗುತ್ತದೆ? ಮೊದಲ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ, ಗಂಡಭೇರುಂಡವನ್ನು ಗಂಡಭೇರುಂಡವಾಗಿಯೇ ಗೌರವಿಸಬೇಕು. ಹೌದೆಂಬ ಉತ್ತರ ಬಂದರೆ ಅದನ್ನು ರೂಪಕವೆಂಬ ಒಂದೇ ಮಾತಿನಲ್ಲಿ ಮುಗಿಸಬಾರದು.

ಹಸ್ತಪ್ರತಿಯ ಒಂದು ಸ್ಖಾಲಿತ್ಯದಿಂದ ಶತಮಾನಗಳ ಹಿಂದಿನ ಮಾತೃಪ್ರತಿಯನ್ನು ಊಹಿಸಬಲ್ಲ ವಿದ್ವತ್ ಪರಂಪರೆ ನಮ್ಮದು. ಆ ಪರಂಪರೆಯ ಶಿಸ್ತನ್ನು ಕಲ್ಪಿತ ಜೀವಿಗಳ ಓದಿಗೂ ವಿಸ್ತರಿಸಿದರೆ ವಿಜ್ಞಾನಕ್ಕೂ ಸಾಹಿತ್ಯಕ್ಕೂ ನಡುವೆ ನಾವೇ ಎಬ್ಬಿಸಿಕೊಂಡ ಗೋಡೆ ಸ್ವಲ್ಪವಾದರೂ ತಗ್ಗೀತು. ವಿಕಾಸದ ಪಾಠವನ್ನು ಪಠ್ಯದಲ್ಲಿ ಕಾಣದೆ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಗೆ ಅದರ ಮೊದಲ ಪರಿಚಯ ಒಂದು ಕಥೆಯ ಮೂಲಕ, ಸರಿಯಾದ ಬಗೆಯಲ್ಲಿ ಆದರೆ, ಅದು ಸಾಹಿತ್ಯ ಬೋಧನೆಯ ಕರ್ತವ್ಯದ ಆಚೆಗಿನ ಸಂಗತಿಯಾಗಲಾರದು.